ಏಳು ಹಿಡಿ ಬೀಜ

ಕಾಫಿ ಬೀಜ ಆರಿಸುವುದು ಒಂದು ಕೆಲಸವೇ ಅಲ್ಲ, ಹೆಂಗಸರು ಕೂತು ಹರಟುವುದಕ್ಕೊಂದು ನೆವ ಎಂದು ತಿಳಿದವರು ಚಿಕ್ಕಮಗಳೂರಿನಲ್ಲೇ ಬೇಕಾದಷ್ಟು ಜನ ಇದ್ದಾರೆ. ಅಂಥವರನ್ನು ಹಿಡಿದು ತಂದು ಒಂದು ದಿನ ಸಾವಿತ್ರಮ್ಮನ ಪಕ್ಕದಲ್ಲಿ ಕೂರಿಸಬೇಕಿತ್ತು. ಮುಂದೆ ಬೀಜದ ರಾಶಿ. ಅದರಲ್ಲಿ ಕಪ್ಪಾದದ್ದು, ಒಡೆದದ್ದು, ಹುಳ ಕೊರೆದದ್ದನ್ನು ಹೆಬ್ಬೆರಳು ತೋರುಬೆರಳಿನಲ್ಲಿ ಹೆಕ್ಕಿ ತೆಗೆದು, ಒಳ್ಳೆಯದನ್ನು ಬುಟ್ಟಿಗೆ ತುಂಬಬೇಕು. ಸಂಜೆ ಕಾಫಿ ಕಾರ್ಖಾನೆಯ ರೈಟರ್ ಪರಮೇಶ್ವರಪ್ಪನವರು ಬುಟ್ಟಿ ತೂಗಿ ಪುಸ್ತಕದಲ್ಲಿ ಬರೆಯುತ್ತಾರೆ. ತೂಕ ಕಡಿಮೆಯಾದರೆ ನಾಳೆಯಿಂದ ಬರಬೇಡ ಎಂದರ್ಥ. ಹತ್ತೊಂಬತ್ತು ವರ್ಷ ಅವಳು ಹೆಕ್ಕಿದಳು.

ಗಂಡ ಸತ್ತ ವರ್ಷವೇ ಮೈದುನಂದಿರು ತೋಟದಲ್ಲಿ ನಿನಗೇನೂ ಇಲ್ಲ ಎಂದಿದ್ದರು. ಮೂಡಿಗೆರೆ ಕಡೆಯ ಆ ಮನೆ ಬಿಟ್ಟು ಪೇಟೆಗೆ ಬಂದಾಗ ಅವಳಿಗಿದ್ದ ಆಸ್ತಿ ಏಳನೇ ಕ್ಲಾಸಿನ ಓದು ಮತ್ತು ಚುರುಕಾದ ಬಲಗೈ. ಸಾಲಿನಲ್ಲಿ ಕೂರುವ ಎಂಟು ಹೆಂಗಸರಲ್ಲಿ ಉಳಿದ ಏಳು ಜನ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತಿದರೆ ಇವಳೊಬ್ಬಳು ಸಹಿ ಹಾಕುತ್ತಿದ್ದಳು. ಅದನ್ನೂ ಆತುರವಿಲ್ಲದೆ, ಎಲ್ಲರೂ ನೋಡುವ ಹಾಗೆ. ಸ್ವಲ್ಪ ಜಂಬವೇ ಇತ್ತು, ಇರಲಿ ಬಿಡಿ.

ತೊಂಬತ್ತಾರರ ಸೀಸನ್ನಿನಲ್ಲಿ ಬೆರಳು ಜೋಮು ಹಿಡಿಯತೊಡಗಿತು. ಆಮೇಲೆ ಮಣಿಕಟ್ಟಿನಿಂದ ಮೊಣಕೈವರೆಗೆ ಉರಿ. ರೊಟ್ಟಿ ತಟ್ಟಲು ಆಗದು, ಜಡೆ ಹೆಣೆಯಲು ಆಗದು. ಬೀಜ ಬೆರಳಿಗೆ ಸಿಕ್ಕಂತಾಗಿ ಜಾರುತ್ತಿತ್ತು. ಮಧ್ಯಾಹ್ನಕ್ಕೆ ಅರ್ಧ ಬುಟ್ಟಿಯೂ ತುಂಬಿರಲಿಲ್ಲ.

ಆ ಶೆಡ್ಡಿನಲ್ಲಿ ಹೆಂಗಸರದ್ದೇ ಒಂದು ರೂಢಿಯಿತ್ತು. ಯಾರಾದರೂ ಬಸುರಿಯಾದರೆ, ಜ್ವರ ಬಂದರೆ, ಸಾಲಿನವರೆಲ್ಲ ತಂತಮ್ಮ ಬುಟ್ಟಿಯಿಂದ ಅವಳ ಬುಟ್ಟಿಗೆ ಆಗಾಗ ಒಂದೊಂದು ಹಿಡಿ ಹಾಕುವುದು. ಸಿಕ್ಕಿಬಿದ್ದರೆ ಹಾಕಿದವಳು, ಹಾಕಿಸಿಕೊಂಡವಳು ಇಬ್ಬರೂ ಮನೆಗೆ ಎಂದು ಗೋಡೆಯ ಮೇಲೆ ಬರೆಸಿದ್ದರು. ಅದನ್ನು ಓದಬಲ್ಲವಳು ಸಾವಿತ್ರಮ್ಮ ಒಬ್ಬಳೇ. ಉಳಿದವರಿಗೆ ಓದಿ ಹೇಳಿದವಳೂ ಅವಳೇ.

"ಸುಮ್ನೆ ಕೂತ್ಕೊಳಿ ಸಾವಿತ್ರಕ್ಕ. ನಾವು ಏಳು ಜನ ಇದ್ದೀವಲ್ಲ," ಎಂದು ಪಕ್ಕದ ಸಿದ್ದಮ್ಮ ಮೊದಲ ಹಿಡಿ ಹಾಕಿದಳು. ಎರಡು ಸೀಸನ್ ಹಾಗೇ ನಡೆಯಿತು. ಸಾವಿತ್ರಮ್ಮ ತಲೆ ತಗ್ಗಿಸಿ ಹೆಕ್ಕುವಂತೆ ನಟಿಸಿದಳು. ತೂಕ ಒಂದು ದಿನವೂ ಕಡಿಮೆಯಾಗಲಿಲ್ಲ.

ತೊಂಬತ್ತೆಂಟರಲ್ಲಿ ಒಂದು ಸಂಜೆ ತಕ್ಕಡಿಯ ಮುಂದೆಯೇ ಬುಟ್ಟಿ ಕೈಜಾರಿ ಬಿತ್ತು. ಮಾರನೆಯ ದಿನ ಅವಳ ಜಾಗದಲ್ಲಿ ಬೇರೆ ಯಾರೋ ಕೂತಿದ್ದರು. ಪರಿಹಾರ ಕೇಳಬಹುದು ಎಂದು ಯೂನಿಯನ್ನಿನ ಲಕ್ಕಯ್ಯ ಅರ್ಜಿ ಬರೆಯಲು ಕೂತ. ಮೂರನೆಯ ಸಾಲಿಗೇ ತಡೆ ಬಿತ್ತು.

"ಪೆಟ್ಟಾದ ತಾರೀಖು ಕೇಳ್ತಾರೆ ಸಾವಿತ್ರಕ್ಕ. ಯಾವತ್ತು ಅಂತ ಬರೀಲಿ?"

ಯಾವತ್ತು ಎಂದು ಹೇಳುವುದು? ಬೆರಳು ಮಿಷಿನ್ನಿಗೆ ಸಿಕ್ಕಿದ್ದರೆ ತಾರೀಖಿರುತ್ತಿತ್ತು, ರಕ್ತವಿರುತ್ತಿತ್ತು, ನೋಡಿದವರಿರುತ್ತಿದ್ದರು. ಹತ್ತೊಂಬತ್ತು ವರ್ಷವನ್ನು ಆ ಒಂದು ಗೆರೆಯ ಜಾಗದಲ್ಲಿ ಬರೆಯುವುದು ಹೇಗೆ? ಕೊನೆಗೆ ಲಕ್ಕಯ್ಯ ಬುಟ್ಟಿ ಬಿದ್ದ ದಿನವನ್ನೇ ಬರೆದ, ಎರಡು ವರ್ಷದಿಂದಲೇ ಕೈ ಸ್ವಾಧೀನದಲ್ಲಿಲ್ಲ ಎಂದು ಕೆಳಗೆ ಸೇರಿಸಿದ. ಪರಿಹಾರ ಬಂದರೆ ಪೇಟೆಯಲ್ಲಿ ಬಾಡಿಗೆ ಕೋಣೆ ಉಳಿಯುತ್ತದೆ. ಬರದಿದ್ದರೆ ಮೈದುನಂದಿರ ಹಿತ್ತಿಲಲ್ಲಿ ಅನ್ನಕ್ಕೆ ಕೈಯೊಡ್ಡಬೇಕು. ಅದಕ್ಕಿಂತ ಸಾಯುವುದೇ ಮೇಲು ಎಂದು ಅವಳಿಗೆ ಅನಿಸುತ್ತಿತ್ತು.

ಲೇಬರ್ ಆಫೀಸಿನಲ್ಲಿ ವಿಚಾರಣೆಯ ದಿನ ಸಾಕ್ಷಿ ಹೇಳಲು ಸಿದ್ದಮ್ಮ ಕೂಲಿ ಬಿಟ್ಟು ಬಂದಳು. ಕಾರ್ಖಾನೆಯ ಮ್ಯಾನೇಜರ್ ಮಾತ್ರ ಪರಮೇಶ್ವರಪ್ಪನವರ ಪುಸ್ತಕವನ್ನೇ ತಂದಿದ್ದರು.

"ಬಿಡೋ ದಿನದವರೆಗೂ ಪೂರ್ತಿ ತೂಕ ಕೊಟ್ಟಿದ್ದಾರೆ ಸಾರ್. ಎರಡು ವರ್ಷದಿಂದ ಕೈ ಆಡ್ತಿರ್ಲಿಲ್ಲ ಅಂದ್ರೆ ಇದನ್ನೆಲ್ಲ ಆರಿಸಿದ್ದು ಯಾರು?"

ವಿಚಾರಣೆ ನಡೆಸುತ್ತಿದ್ದ ಸಾಹೇಬರು ಕೆಟ್ಟವರೇನಲ್ಲ. ಕನ್ನಡಕ ತೆಗೆದು ಮೆಲ್ಲಗೆ ಕೇಳಿದರು. "ಬೇರೆ ಯಾರಾದ್ರೂ ಆರಿಸಿ ಹಾಕ್ತಿದ್ರಾ ಅಮ್ಮ? ಇದ್ರೆ ಹೆಸರು ಹೇಳಿ, ಬರ್ಕೊಳ್ತೀನಿ."

ಮ್ಯಾನೇಜರ್ ತಿರುಗಿ ಬಾಗಿಲ ಬಳಿ ನಿಂತಿದ್ದ ಸಿದ್ದಮ್ಮನನ್ನು ನೋಡಿದರು. ಸಾವಿತ್ರಮ್ಮನಿಗೆ ಆಗ ಹುಟ್ಟಿದ್ದು ಸಿಟ್ಟು, ಅದೂ ಸಿದ್ದಮ್ಮನ ಮೇಲೆ. ಯಾಕಾದರೂ ಹಾಕಿದಿರಿ? ಸುಮ್ಮನಿದ್ದಿದ್ದರೆ ತೂಕ ದಿನದಿನಕ್ಕೆ ಇಳಿಯುತ್ತಿತ್ತು, ಈ ಪುಸ್ತಕವೇ ನನ್ನ ಪರ ಸಾಕ್ಷಿ ಹೇಳುತ್ತಿತ್ತು. ಆದರೆ ಸಿದ್ದಮ್ಮನ ಮನೆಯಲ್ಲಿ ಗಂಡ ಹಾಸಿಗೆ ಹಿಡಿದಿದ್ದ. ಏಳು ಹೆಸರು ಹೇಳಿದರೆ ಏಳು ಒಲೆ ಆರುತ್ತವೆ.

ಸಿದ್ದಮ್ಮ ಬಾಯಿ ತೆರೆದಳು.

"ನಾನೇ ಆರಿಸಿದ್ದು ಸಾರ್," ಎಂದು ಸಾವಿತ್ರಮ್ಮ ಅವಳಿಗಿಂತ ಮೊದಲೇ ಹೇಳಿದಳು. "ಎಲ್ಲ ನಾನೇ."

ಸಾಹೇಬರು ನಿಟ್ಟುಸಿರು ಬಿಟ್ಟು ಬರೆದರು. ಅರ್ಜಿದಾರಳ ಬಲಗೈ ಕೆಲಸಕ್ಕೆ ಬಾರದಂತಾಗಿದೆ ಎಂಬುದು ರುಜುವಾತಾಗಿಲ್ಲ. ಬರೆದು, ಕಾಗದವನ್ನು ಗುಮಾಸ್ತನ ಕಡೆ ಸರಿಸಿ, ಮುಂದಿನ ಫೈಲು ಬಿಚ್ಚಿದರು.

ಸಹಿ ಹಾಕುವ ಜಾಗವನ್ನು ಗುಮಾಸ್ತ ತೋರಿಸಿದ. ಸಾವಿತ್ರಮ್ಮ ಪೆನ್ನು ಹಿಡಿದಳು. ಅದು ಬೆರಳಿನಿಂದ ಜಾರಿ ಮೇಜಿನ ಮೇಲೆ ಬಿತ್ತು. ಮತ್ತೆ ಹಿಡಿದಳು, ಮತ್ತೆ ಬಿತ್ತು. ಹಿಂದೆ ಇನ್ನೂ ನಾಲ್ಕು ಜನ ಕಾಯುತ್ತಿದ್ದರು.

"ಬರೆಯೋಕೆ ಬರಲ್ಲ ಅಂತ ಮೊದಲೇ ಹೇಳ್ಬಾರ್ದಾ ಅಮ್ಮ," ಎಂದು ಗುಮಾಸ್ತ ಶಾಯಿಯ ಡಬ್ಬಿ ತಂದು, ಅವಳ ಎಡಗೈ ಹೆಬ್ಬೆರಳನ್ನು ತಾನೇ ಹಿಡಿದು ಒತ್ತಿಸಿಕೊಂಡ.

ಹೊರಗೆ ಜಗಲಿಗೆ ಬಂದು ನಿಂತಾಗ ಎಡಗೈಯ ಶಾಯಿ ಒರೆಸಿಕೊಳ್ಳಲು ಬಲಗೈ ಏಳಲಿಲ್ಲ. ಸಿದ್ದಮ್ಮ ತನ್ನ ಸೆರಗಿನ ತುದಿಯಿಂದ ಅದನ್ನು ಒರೆಸಿದಳು.