ಸೇಡಂ ದವಾಯಿ ಅಂಗಡಿಯ ಆರು ಗೆರೆ

ಆ ಗೆರೆಗಳನ್ನು ನಾನು ನಿಜವಾಗಿ ನೋಡಿದ್ದೆನೋ ಜ್ವರದಲ್ಲಿ ಕಂಡಿದ್ದೆನೋ, ಮತ್ತೆ ಸೇಡಮ್ಮಿಗೆ ಹೊರಟ ದಿನವೂ ನನಗೆ ಖಾತ್ರಿ ಇರಲಿಲ್ಲ. ಕಾಲೇಜಿನ ರಜೆಯಲ್ಲಿ ಸೇಡಮ್ಮಿನ ಅಕ್ಕನ ಮನೆಗೆ ಹೋಗಿದ್ದಾಗ ಮಲೇರಿಯಾ ಹಿಡಿಯಿತು. ಅಕ್ಕ ನನ್ನನ್ನು ಪೇಟೆಯ ಹಳೆಯ ದವಾಯಿ ಅಂಗಡಿಗೆ ಕರೆದೊಯ್ದಳು. ಕಂಪೌಂಡರು ಕಲ್ಲಿನ ಕಟ್ಟೆಯ ಮೇಲೆ ಕಾಗದದ ಪಟ್ಟಿ ಇಟ್ಟರು. ಕಲ್ಲಿನಲ್ಲಿ ಆರು ಗೆರೆ ಕೊರೆದಿದ್ದವು. ಅವಕ್ಕೆ ಸರಿಯಾಗಿ ಪಟ್ಟಿಗೆ ಕತ್ತರಿಯಿಂದ ಕಚ್ಚು ಹಾಕಿ ಔಷಧದ ಬಾಟಲಿಗೆ ಅಂಟಿಸಿದರು. ಹೊತ್ತಿಗೆ ಒಂದು ಕಚ್ಚಿನಷ್ಟು ಔಷಧ. ಓದು ಬಾರದವರೂ ತಪ್ಪದೆ ಕುಡಿಯಬಹುದಿತ್ತು. ಜ್ವರದಲ್ಲಿದ್ದವನ ಇಂಥ ಸಾಕ್ಷಿಯನ್ನು ಬೇರೆಯವರು ತಂದಿದ್ದರೆ, ಇತಿಹಾಸದಲ್ಲಿ ಎಂ.ಎ. ಮಾಡಿದ ನಾನೇ ಮೊದಲು ತಳ್ಳಿಹಾಕುತ್ತಿದ್ದೆ.

ಆದರೂ ಅದನ್ನು ಒಂದು ಲೇಖನದಲ್ಲಿ ಬರೆದುಬಿಟ್ಟಿದ್ದೆ. ಅದನ್ನು ಓದಿ ಆ ಕಂಪೌಂಡರ ಮಗಳು, ನಿವೃತ್ತ ಶಿಕ್ಷಕಿ ಶಾಂತಾಬಾಯಿ, ಶುಕ್ರವಾರ ಫೋನ್ ಮಾಡಿದರು. ಅವರ ತಮ್ಮ ಶಿವರಾಜಪ್ಪ ಅಂಗಡಿ ಕೆಡವಿ ಕಾಂಪ್ಲೆಕ್ಸ್ ಕಟ್ಟಲು ಹೊರಟಿದ್ದರು. "ಆ ಗೆರಿ ತೋರಿಸಿದ್ರ ಒಂದು ಕಲ್ಲೂ ಮುಟ್ಟಂಗಿಲ್ಲ ಅಂದಾನ್ರಿ. ಸೋಮವಾರ ಜೆಸಿಬಿ ಬರ್ತದ. ನೀವೇ ಬಂದು ತೋರಿಸ್ರಿ."

ಶನಿವಾರ ಬೆಳಿಗ್ಗೆ ಕಲಬುರಗಿಯಲ್ಲಿ ಇಪ್ಪತ್ತು ರೂಪಾಯಿಯ ಟಿಕೆಟ್ ತೆಗೆದು ಪ್ಯಾಸೆಂಜರ್ ಹತ್ತಿದೆ. ಜನವರಿಯ ಚಳಿಗೆ ಎಲ್ಲರೂ ಕಿಟಕಿ ಮುಚ್ಚಿ ಕೂತಿದ್ದರು. ಶಹಾಬಾದಿನಲ್ಲಿ ಮೈಬೂಬಸಾಬ್ ಎಂಬ ಗೌಂಡಿ, ಕಲ್ಲುಕೆಲಸದವರು, ಹತ್ತಿ ನನ್ನ ಎದುರು ಕೂತರು. ವಾಡಿ ಹತ್ತಿರದ ರಾವೂರಿನಲ್ಲಿ ಕೆಲಸವಿದೆ ಎಂದರು. ನಮ್ಮ ಮನೆಯ ಪರಸಿ, ಅಂದರೆ ಹಾಸುಗಲ್ಲು, ಸವೆದು ಕಾಲು ಜಾರುತ್ತದೆ ಎಂದು ಮಾತಿಗೆ ಹೇಳಿದೆ.

"ಅದಕ್ಕ ಹೊಸಾದು ಯಾಕ್ರಿ ಸಾಹೇಬ್ರ? ಎಬ್ಬಿಸಿ ಮಗಚಿ ಹಾಕ್ರಿ. ನಮ್ಮ ಕಲ್ಲಿಗಿ ಎರಡು ಮಕ ಅದಾವ," ಎಂದು ನಕ್ಕರು. "ಮನಷ್ಯಾಗೂ ಅದಾವ ಖರೇ, ಆದ್ರ ಮಗಚಿದ್ರೂ ಉಪಯೋಗಿಲ್ಲ!"

ವಾಡಿಯಲ್ಲಿ ಅವರು ಇಳಿದು ಹೋದರು. ನಾನು ಗಾಡಿ ಬದಲಿಸಲು ಮುಕ್ಕಾಲು ಗಂಟೆ ಕಾದು, ಬಿಸಿ ಮಿರ್ಚಿ ಭಜಿ ತಿಂದೆ. ಚಿತ್ತಾಪುರ ದಾಟುವಾಗ ಕೊಯ್ದ ತೊಗರಿಯ ಹೊಲಗಳು ಬಿಸಿಲಿಗೆ ಹೊಳೆಯುತ್ತಿದ್ದವು. ಗೆರೆ ಇರದಿದ್ದರೆ ಆ ಕಟ್ಟಡ ನನ್ನ ಮಾತಿನ ಜೊತೆಗೇ ನೆಲಕ್ಕೆ ಬೀಳುತ್ತಿತ್ತು.

ಸೇಡಮ್ಮಿನಲ್ಲಿ ಕಟ್ಟಡವಂತೂ ನೆನಪಿನಂತೆಯೇ ಇತ್ತು. ಎರಡು ಕಮಾನು, ಮೊಳ ದಪ್ಪದ ಕಲ್ಲುಗೋಡೆ, ಗೋಡೆಯೊಳಗೆ ಸಾಲುಸಾಲು ಕಲ್ಲಿನ ಗೂಡು. ಬೇಸಿಗೆಯಲ್ಲಿ ಬಾಟಲಿಗಳು ತಂಪಾಗಿರಲೆಂದು ಮಾಡಿದ ಗೂಡುಗಳವು. ರೋಗಿಗಳು ಕೂರುವ ಜಗುಲಿಯೂ ಪರಸಿಯದೇ.

"ಬರ್ರಿ ಸರ್, ಕುಂದ್ರಿ. ಜ್ವರದಾಗ ಕಂಡ ಗೆರಿ ಹುಡಕಾಕ ಬಂದೀರಿ!" ಎಂದರು ಶಿವರಾಜಪ್ಪ.

"ತಮ್ಮಾ, ಮೊದಲ ಚಾ ತರಿಸು, ಆಮ್ಯಾಲ ಹಂಗಿಸು," ಎಂದರು ಶಾಂತಾಬಾಯಿ.

ಕಟ್ಟೆಗೆ ಮೇಲಿನಿಂದ ಕೆಳಗಿನವರೆಗೆ ಪ್ಲೈವುಡ್ ಹೊದಿಸಿತ್ತು. ಶಿವರಾಜಪ್ಪ ಹಾರೆಯಿಂದ ಅದನ್ನು ಕಿತ್ತರು. ಕೆಳಗೆ ಕಲ್ಲಿತ್ತು. ಆದರೆ ನುಣ್ಣಗೆ, ಬೋಳು. ಒಂದು ಗೆರೆಯೂ ಇರಲಿಲ್ಲ.

"ಅಕ್ಕಾ, ನಿನಗರ ನೆನಪದನೇನು?"

"ಅಪ್ಪ ನಮ್ಮಿಬ್ಬರನ್ನೂ ಕಟ್ಟಿ ಮುಂದ ನಿಂದರಾಕ ಬಿಡತಿದ್ದನೇನು? ಹಿತ್ತಲ ಬಾಗಲದಾಗ ಬುತ್ತಿ ಕೊಟ್ಟು ಹೊಳ್ಳಿ ಹೋಗಬೇಕು. ನಾ ಹ್ಯಾಂಗ ಹೇಳ್ಲಿ?" ಎಂದರು ಶಾಂತಾಬಾಯಿ.

ಶಿವರಾಜಪ್ಪ ಅಂಗಡಿ ಮುಚ್ಚಲು ಬೀಗದ ಕೈ ಎತ್ತಿಕೊಂಡರು. ನಾನು ಕಲ್ಲನ್ನೇ ನೋಡುತ್ತಿದ್ದೆ. ದಿನವೂ ಅಯೋಡಿನ್ ಚೆಲ್ಲಿದ ಕಟ್ಟೆಯ ಮೇಲೆ ಒಂದು ಕಲೆಯೂ ಇಲ್ಲವಲ್ಲ! ಅಷ್ಟು ಹೊತ್ತಿಗೆ ಗೌಂಡಿಯ ಮಾತು ನೆನಪಾಯಿತು. ನೆಲಕ್ಕೆ ಮಂಡಿಯೂರಿ, ಕಟ್ಟೆಯ ಗೋಡೆಯಿಂದ ಹೊರಗೆ ಚಾಚಿದ್ದ ಕಲ್ಲಿನ ಅಂಚಿನ ಕೆಳಗೆ ಕೈ ಹಾಕಿದೆ. ಬೆರಳಿಗೆ ಒಂದು ಗೆರೆ ತಾಗಿತು. ಒಂದು ಬೆರಳಗಲ ಒಳಗೆ ಇನ್ನೊಂದು.

"ಇಲ್ಲಿವೆ! ಕಲ್ಲನ್ನು ಮಗುಚಿ ಹಾಕಿದ್ದಾರೆ!"

ಬಿಳಿ ಧೋತರದಲ್ಲೇ ಶಿವರಾಜಪ್ಪ ನೆಲಕ್ಕೆ ಕೂತು ಕೈ ಹಾಕಿದರು. ಮುಖ ಬದಲಾಯಿತು. "ಯವ್ವಾ, ಅದಾವ ನೋಡಕ್ಕಾ! ನಾ ಬೀದರದಾಗ ಓದಾಕ ಹೋದಾಗ ಅಪ್ಪ ಮಗಚಿಸಿರಬೇಕು. ಸವದ ಕಲ್ಲಿನ ಮ್ಯಾಲ ಪ್ಲೈವುಡ್ ಸಮಾ ಕುಂದರಲಿಲ್ಲೇನೋ." ಮತ್ತೆ ತಡವಿದರು. "ಆದ್ರ ಸರ್, ನೀವು ಆರು ಬರದೀರಿ. ಐದೇ ಅದಾವ."

"ಒಂದು ಹೊತ್ತಿನ ದವಾಯಿ ನೀನೇ ನುಂಗಿರಬೇಕು ತಗೋ," ಎಂದರು ಶಾಂತಾಬಾಯಿ. ಕಣ್ಣು ಒರೆಸಿಕೊಂಡು, ತಾವೂ ಸೀರೆ ಸಾವರಿಸಿ ಕೂತು, ಜೀವಮಾನದಲ್ಲಿ ಮೊದಲ ಸಲ ಅಪ್ಪನ ಗೆರೆ ಮುಟ್ಟಿದರು. ಬಹಳ ಹೊತ್ತು ಕೈ ತೆಗೆಯಲಿಲ್ಲ.

ಶಿವರಾಜಪ್ಪ ಅಲ್ಲೇ ನಿಂತು ಜೆಸಿಬಿಯವನಿಗೆ ಫೋನ್ ಹಚ್ಚಿದರು. "ಸೋಮವಾರ ಜೆಸಿಬಿ ತರಬ್ಯಾಡ. ಇಲ್ಲೋ, ಮಂಗಳವಾರನೂ ಬ್ಯಾಡ. ಇದು ನಮ್ಮಪ್ಪನ ಅಂಗಡಿ, ಇರತದ!" ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿಯ ಊಟ ಆ ಜಗುಲಿಯ ಮೇಲೇ ಆಯಿತು. ಹಾದುಹೋಗುವವರನ್ನೆಲ್ಲ ಶಿವರಾಜಪ್ಪ ಕರೆದು ಕಲ್ಲಿನ ಕೆಳಗೆ ಕೈ ಹಾಕಿಸಿದರು.

ಸಂಜೆಯ ಬಸ್ಸಿನಲ್ಲಿ ಸುಲೇಪೇಟದ ಮಾರ್ಗವಾಗಿ ಚಿಂಚೋಳಿಗೆ ಹೋದೆ. ನನ್ನ ಅಕ್ಕ ಈಗ ಅಲ್ಲಿದ್ದಾಳೆ. "ಗೆರಿ ಗಿರಿ ನನಗ ಗೊತ್ತಿಲ್ಲಪ. ಭಾಳ ಕಹಿ ಅದ ಅಂತ ನೀ ಅತ್ತಿದ್ದು ನೆನಪದ," ಎಂದಳು. ನಾನು ಅತ್ತದ್ದು ನನಗೆ ನೆನಪೇ ಇಲ್ಲ. ಭಾನುವಾರವಿಡೀ ಆ ಐದು ನನ್ನನ್ನು ಕೊರೆಯಿತು.

ಸೋಮವಾರ ಮರಳುವಾಗ ಸೇಡಮ್ಮಿನಲ್ಲಿ ಮತ್ತೆ ಇಳಿದೆ. ಜೆಸಿಬಿ ನಿಲ್ಲಬೇಕಾಗಿದ್ದ ಜಾಗದಲ್ಲಿ ಇಬ್ಬರು ಗೌಂಡಿಗಳು ಚಾ ಕುಡಿಯುತ್ತಿದ್ದರು. ಕಲ್ಲನ್ನು ಎಬ್ಬಿಸಿ, ಹಳೆಯ ಮುಖ ಮೇಲೆ ಮಾಡಿ ಕೂರಿಸಿದ್ದರು. ಕಂದು ಕಲೆಗಳು, ಸವೆದ ಗೆರೆಗಳು. ಐದನೆಯದರ ಆಚೆ, ಇಷ್ಟು ದಿನ ಗೋಡೆಯ ಮೇಲೆ ಕೂತಿದ್ದ ಭಾಗಕ್ಕೆ ಗಾರೆ ಇನ್ನೂ ಅಂಟಿಕೊಂಡಿತ್ತು. ಉಗುರಿನಿಂದ ಕೆರೆದೆ. ಎರಡು ಸಲ ಎಣಿಸಿದೆ. ಆರು.