ಸವೆಯದ ಬುಷ್

ಸಿದ್ದಯ್ಯನವರನ್ನು ನಾನು ಮೊದಲು ನೋಡಿದ್ದು ೧೯೯೯ರ ಜೂನ್ ತಿಂಗಳಲ್ಲಿ, ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ. ನಮ್ಮ ಪಂಪ್‌ಸೆಟ್ಟಿನ ಶಾಫ್ಟ್ ಸವೆದಿತ್ತು. ಅಪ್ಪ ಅದನ್ನು ಗೋಣಿಚೀಲದಲ್ಲಿ ಸುತ್ತಿ, ಆಲೂರಿನ ಲೇತ್ ಅಂಗಡಿಗೆ ಕೊಟ್ಟು ಬಾ ಎಂದು ನಮ್ಮೂರು ಮಗ್ಗೆಯಿಂದ ಬಸ್ ಹತ್ತಿಸಿದ್ದರು. ಅಂಗಡಿಯೆಂದರೆ ತಗಡಿನ ಒಂದು ಶೆಡ್ಡು. ಒಳಗೆ ಒಂದೇ ಲೇತ್. ಅದರ ಕೆಳಗೆ ಕಬ್ಬಿಣದ ಸುರುಳಿಗಳ ರಾಶಿ. ಖಾಕಿ ಅಂಗಿ ತೊಟ್ಟ, ಸುಮಾರು ಐವತ್ತು ವರ್ಷದ ವ್ಯಕ್ತಿಯೊಬ್ಬರು ಬಾಗಿಲ ಬೆಳಕಿಗೆ ಬೆನ್ನು ಬಾಗಿಸಿ ನಿಂತಿದ್ದರು. ಕನ್ನಡಕದ ಒಂದು ಕಾಲು ಮುರಿದು ಅಲ್ಲಿಗೆ ದಾರ ಕಟ್ಟಿತ್ತು. ಕೈಯಲ್ಲಿ ಮುಷ್ಟಿ ಗಾತ್ರದ ಕಪ್ಪು ರಬ್ಬರಿನ ಉರುಳೆ. ಸಂತೆಯಲ್ಲಿ ಎತ್ತಿನ ತುಟಿ ಎತ್ತಿ ಹಲ್ಲು ನೋಡುವವರ ಹಾಗೆ, ಅವರು ಆ ರಬ್ಬರಿನ ಬಿರುಕನ್ನು ಹೆಬ್ಬೆರಳಲ್ಲಿ ಅಗಲಿಸಿ ನೋಡುತ್ತಿದ್ದರು.

"ಶಾಫ್ಟ್ ಅಲ್ಲಿಡಿ. ಸಂಜೆ ಬನ್ನಿ" ಎಂದರು, ತಲೆ ಎತ್ತದೆ.

ಗೋಡೆಗೆ ಹೊಡೆದ ಹಲಗೆಯ ಮೇಲೆ ಅಂಥವೇ ಹತ್ತಾರು ಉರುಳೆಗಳಿದ್ದವು. ಪ್ರತಿಯೊಂದಕ್ಕೂ ಸಣ್ಣ ಚೀಟಿ ಕಟ್ಟಿತ್ತು. ಇದೇನು ಎಂದು ಕೇಳಿದೆ.

"ಬುಷ್ಷು. ಚಕ್ರಾನ ಕಾರಿನ ಚಾಸಿಗೆ, ಅದೇ ಅಡಿ ಚೌಕಟ್ಟಿಗೆ, ಹಿಡ್ಕೊಂಡಿರೋದು ಒಂದು ಕಬ್ಬಿಣದ ತೋಳು. ಆ ತೋಳಿನ ಕಣ್ಣೊಳಗೆ ಇದು ಕೂರ್ತೈತೆ. ರಸ್ತೆ ಹೊಡ್ತ ಎಲ್ಲಾ ಇದೇ ತಿನ್ನೋದು." ಕೈಯಲ್ಲಿದ್ದದ್ದನ್ನು ನನ್ನ ಕಡೆ ತಿರುಗಿಸಿದರು. "ಇದು ಹೆಗ್ಗದ್ದೆ ಕಾಫಿ ಎಸ್ಟೇಟಿನ ಲಿಯಾನ್ ಸಾರ್ ಕಾರಿಂದು. ರೇಸಿಗೆ ಓಡಿಸ್ತಾರೆ. ಮುಂದಿನ ಎಡಗಡೆ ಚಕ್ರ. ನೋಡಿ, ಒಂದೇ ಕಡೆ ಹರಿದೈತೆ. ಬಲಕ್ಕೆ ತಿರುಗಿಸ್ತಾ ತಿರುಗಿಸ್ತಾನೇ ಬ್ರೇಕ್ ಒತ್ತುತಾರೆ ಅವ್ರು."

"ಅವರು ಓಡಿಸೋದನ್ನ ನೀವು ನೋಡಿದೀರಾ?"

"ಒಂದಿನಾನೂ ಇಲ್ಲ ಕಣ್ರೀ. ಇದನ್ನ ನೋಡಿದೀನಿ ಅಷ್ಟೇ."

ನಾನು ಆಗ ಹಾಸನದಲ್ಲಿ ಬಿ.ಇ. ಮುಗಿಸಿ ಪಾಲಿಟೆಕ್ನಿಕ್‌ನಲ್ಲಿ ತಾತ್ಕಾಲಿಕ ಉಪನ್ಯಾಸಕನಾಗಿದ್ದೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ಪದೇ ಪದೇ ಹೊಡೆತ ಬಿದ್ದು ಲೋಹ ಬಿರಿಯುವ ಬಗ್ಗೆ, ಲೋಹಗಳ ಆಯಾಸ ಎಂಬ ಪಾಠವನ್ನು ಎರಡು ಸಲ ಮಾಡಿದ್ದೆ. ಆದರೆ ಹರಿದ ರಬ್ಬರಿನಲ್ಲಿ ಓಡಿಸುವವನ ಕಾಲಿನ ಚಾಳಿ ಕಾಣಬಹುದೆಂದು ಯಾರೂ ನನಗೆ ಹೇಳಿರಲಿಲ್ಲ. ಅಂದಿನಿಂದ ರಜೆ ಸಿಕ್ಕಾಗಲೆಲ್ಲ ಆ ಶೆಡ್ಡಿಗೆ ಹೋಗತೊಡಗಿದೆ. ಅವರು ನನ್ನನ್ನು "ಮೇಷ್ಟ್ರೇ" ಎಂದು ಕರೆದರು.

ಆ ವರ್ಷಗಳಲ್ಲಿ ಸಕಲೇಶಪುರ, ಆಲೂರಿನ ಕಡೆ ಹವ್ಯಾಸಿ ಕಾರ್ ರೇಸಿನ ಹುಚ್ಚು ಹತ್ತಿತ್ತು. ಬೀಳು ಬಿಟ್ಟ ಹೊಲದಲ್ಲಿ ಸುಣ್ಣದ ಗೆರೆ ಎಳೆದು ಭಾನುವಾರ ಓಡಿಸುತ್ತಿದ್ದರು. ಒಂದೊಂದೇ ಕಾರು ಬಿಡುವುದು. ಸುತ್ತು ಮುಗಿಸಲು ಹಿಡಿದ ಸಮಯ ಬರೆಯುವುದು. ಗ್ಯಾರೇಜಿನವರು ಭಾರ ಇಳಿಸಲು ಸೀಟು ಕಿತ್ತ ಹಳೆ ಕಾರುಗಳನ್ನು ತರುತ್ತಿದ್ದರು. ಲಿಯಾನ್ ಅವರದು ಮಾತ್ರ ನಿಜವಾದ ಸ್ಪೋರ್ಟ್ಸ್ ಕಾರು. ಎರಡೇ ಸೀಟು, ನೆಲಕ್ಕೆ ಅಂಟಿಕೊಂಡಂತೆ ಓಡುವಂಥದು, ಅವರ ತಂದೆ ಎಪ್ಪತ್ತರ ದಶಕದಲ್ಲಿ ಬೊಂಬಾಯಿಯಿಂದ ತಂದದ್ದು. ಕಲ್ಲುಮಣ್ಣಿನ ಹೊಲಕ್ಕೆ ಮಾಡಿದ ಕಾರಲ್ಲ ಅದು. ಎರಡು ರೇಸಿಗೆ ಒಂದು ಜೊತೆ ಬುಷ್ ಹರಿಯುತ್ತಿತ್ತು. ಬುಷ್ ಹರಿದರೆ ಚಕ್ರ ತನಗೆ ಬೇಕಾದ ಕಡೆ ಸ್ವಲ್ಪ ವಾಲುತ್ತದೆ, ಸ್ಟೇರಿಂಗ್ ಹೇಳಿದ್ದನ್ನು ತಡವಾಗಿ ಕೇಳುತ್ತದೆ.

೨೦೦೦ದ ಆಗಸ್ಟಿನಲ್ಲಿ ಲಿಯಾನ್ ಬಿಳಿ ನೈಲಾನಿನ ಒಂದು ದಪ್ಪ ರಾಡು ತಂದು ಸಿದ್ದಯ್ಯನವರ ಮುಂದಿಟ್ಟರು.

"ರಬ್ಬರು ಸಾಕಾಯ್ತು ಮಾರಾಯ. ಇದರಲ್ಲಿ ಕಡೆದು ಕೊಡು. ಗಟ್ಟಿ ಇರ್ಲಿ."

ಸಿದ್ದಯ್ಯ ರಾಡನ್ನು ಉಗುರಲ್ಲಿ ಕೆರೆದು ನೋಡಿದರು. ಲಿಯಾನ್ ಹೋದ ಮೇಲೆ ನನ್ನನ್ನು ಕೇಳಿದರು: "ನೀವು ಓದಿದೋರು. ಇದು ತಡೀತೈತಾ?"

ನಾನು ಎರಡು ದಿನ ಪುಸ್ತಕ ನೋಡಿ, ಎರಡು ಹಾಳೆ ತುಂಬ ಲೆಕ್ಕ ಬರೆದು ತಂದೆ. ತಡೆಯುತ್ತದೆ ಎಂದು ಉತ್ತರ ಬಂದಿತ್ತು. ಆ ಲೆಕ್ಕದಲ್ಲಿ ನೈಲಾನನ್ನು ಬಿಟ್ಟು ಬೇರೇನೂ ಇರಲಿಲ್ಲ.

ಮುಂದಿನ ರೇಸಿನಲ್ಲಿ ಲಿಯಾನ್ ಗೆದ್ದರು. ಕಾರು ಈಗ ಕಣ್ಣು ಹೋದ ಕಡೆ ಹೋಗುತ್ತದೆ ಎಂದು ಎಲ್ಲರಿಗೂ ಹೇಳಿಕೊಂಡು ಬಂದರು. ಅಕ್ಟೋಬರ್ ಒಳಗೆ ಇನ್ನೂ ಐದು ಕಾರುಗಳಿಗೆ ಸಿದ್ದಯ್ಯನವರ ನೈಲಾನ್ ಬುಷ್ ಬಿತ್ತು. ಸಕಲೇಶಪುರದಿಂದಲೂ ಜನ ವಿಳಾಸ ಕೇಳಿಕೊಂಡು ಬಂದರು.

ಫೆಬ್ರವರಿಯಲ್ಲಿ ಒಂದು ದಿನ ಹೋದಾಗ ಅವರು ಲೇತ್ ನಿಲ್ಲಿಸಿ ಗೋಡೆಯ ಹಲಗೆಯನ್ನೇ ನೋಡುತ್ತ ಕುಳಿತಿದ್ದರು. ಹಲಗೆ ಖಾಲಿಯಾಗಿತ್ತು.

"ನಾಲ್ಕು ತಿಂಗಳಾಯ್ತು ಮೇಷ್ಟ್ರೇ. ನನ್ನ ಹತ್ರ ಬರೋ ಆರೂ ಕಾರಿಗೂ ಈಗ ನೈಲಾನೇ. ಒಬ್ರೂ ಸವೆದ ಬುಷ್ ತರ್ಲಿಲ್ಲ."

"ಒಳ್ಳೇದೇ ಅಲ್ವಾ?"

"ಹೊಡ್ತ ಅಂತೂ ನಿಂತಿಲ್ಲ. ಅದೇ ಹೊಲ, ಅದೇ ಕಲ್ಲು, ಅದೇ ಜನ. ರಬ್ಬರು ಆ ಹೊಡ್ತ ನುಂಗಿ ನುಂಗಿ ತಾನು ಸಾಯ್ತಿತ್ತು. ಇದು ಸಾಯ್ತಿಲ್ಲ. ಹಂಗಾರೆ ಆ ಹೊಡ್ತ ಎಲ್ಲಿಗೆ ಹೋಗ್ತಾ ಐತೆ?"

ನನಗೆ ಉತ್ತರ ಗೊತ್ತಾಯಿತು. ಬುಷ್ಷಿನ ಆಚೆಗೆ ಇರುವುದು ಬ್ರಾಕೆಟ್. ಕಬ್ಬಿಣದ ತೋಳನ್ನು ಚಾಸಿಗೆ ಕಚ್ಚಿಸಲು ವೆಲ್ಡ್ ಮಾಡಿದ ತೆಳು ತಗಡು. ಅದು ಕಿತ್ತರೆ ಓಡುತ್ತಿರುವ ಕಾರಿನ ಚಕ್ರವೇ ಮಡಚಿಕೊಳ್ಳುತ್ತದೆ.

"ಭಾನುವಾರ ಕೆ. ಹೊಸಕೋಟೆ ಹತ್ರ ರೇಸ್ ಐತಂತೆ" ಎಂದರು ಸಿದ್ದಯ್ಯ. "ನಾನೂ ಬರ್ತೀನಿ."

ಅವರು ರೇಸಿಗೆ ಹೊರಟದ್ದು ಅದೇ ಮೊದಲು. ಒಂದು ಟಾರ್ಚು, ಮುಖ ನೋಡುವ ಒಂದು ಕನ್ನಡಿ ಚೀಲಕ್ಕೆ ಹಾಕಿಕೊಂಡರು. "ಈ ವಯಸ್ಸಲ್ಲಿ ರೇಸ್ ನೋಡೋಕೆ ಕನ್ನಡಿ ಬೇರೆ" ಎಂದು ಅವರ ಹೆಂಡತಿ ಭದ್ರಮ್ಮ ನಕ್ಕರು. ಸಿದ್ದಯ್ಯ ನಗಲಿಲ್ಲ.

ಆ ದಿನ ನಾನು ಸ್ಟಾಪ್‌ವಾಚ್ ಹಿಡಿದು ಸಮಯ ಬರೆಯುವವನು. ಹದಿನಾಲ್ಕು ಕಾರುಗಳು, ತಲಾ ಎರಡು ಸುತ್ತು. ಮೈದಾನದ ಕೊನೆಗೆ ಒಂದು ಕಡಿದಾದ ಬಲ ತಿರುವಿತ್ತು. ಅದರ ಹೊರಮಗ್ಗುಲಿಗೆ ಹೊಲದ ಬದು. ಚೆನ್ನಾಗಿ ಕಾಣುವ ಜಾಗವೆಂದು ನೂರಿನ್ನೂರು ಜನ, ಹೆಂಗಸರು ಮಕ್ಕಳು, ಆ ಬದುವಿನ ಮೇಲೇ ಕುಳಿತಿದ್ದರು. ಪ್ರತಿ ಕಾರೂ ಅಲ್ಲಿ ಬ್ರೇಕ್ ಒತ್ತಿ ಬಲಕ್ಕೆ ತಿರುಗುತ್ತಿತ್ತು. ಸಿದ್ದಯ್ಯ ಕಾರುಗಳನ್ನು ನೋಡಲಿಲ್ಲ. ಬದುವನ್ನೇ ನೋಡುತ್ತಿದ್ದರು.

ಮೊದಲ ಸುತ್ತು ಮುಗಿದಾಗ ಲಿಯಾನ್ ಎರಡು ಸೆಕೆಂಡು ಮುಂದಿದ್ದರು. ಊಟಕ್ಕೆ ಬಿಟ್ಟೆವು. ಸಿದ್ದಯ್ಯ ನೇರವಾಗಿ ದೇವೇಂದ್ರನ ಹತ್ತಿರ ಹೋದರು. ದೇವೇಂದ್ರನದು ಆಲೂರಿನಲ್ಲಿ ಸಣ್ಣ ಗ್ಯಾರೇಜು. ಅವನ ಕಾರಿಗೂ ಇವರದೇ ನೈಲಾನ್ ಬುಷ್.

"ಕಾರು ಎತ್ತು ದೇವೇಂದ್ರ. ಒಂದು ನೋಡ್ಬೇಕು."

"ಏನ್ ಸಿದ್ದಣ್ಣ, ನಿಮ್ಮ ಮಾಲಿನ ಮೇಲೆ ನಿಮಗೇ ಅನುಮಾನವಾ?"

"ಹೂಂ ಕಣೋ. ಎತ್ತು."

ಕೆಳಗೆ ಮಲಗಿ ಮಣ್ಣು ಒರೆಸಿ ನೋಡಿದರೆ ಕಣ್ಣಿಗೆ ಏನೂ ಕಾಣಲಿಲ್ಲ. ಎಸ್ಟೇಟುಗಳಲ್ಲಿ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದ ಶಾಫ್ಟಿನ ಬಿರುಕು ಹುಡುಕಲು ಸಿದ್ದಯ್ಯನವರ ಹತ್ತಿರ ಒಂದು ಉಪಾಯವಿತ್ತು: ಸೀಮೆಎಣ್ಣೆ ಸವರಿ, ಸ್ವಲ್ಪ ಹೊತ್ತು ಬಿಟ್ಟು, ಪೂರ್ತಿ ಒರೆಸಿ, ಒಣ ಸುಣ್ಣದ ಪುಡಿ ಹಚ್ಚುವುದು. ಬಿರುಕಿದ್ದರೆ ಒಳಗೆ ಇಳಿದ ಎಣ್ಣೆ ಸುಣ್ಣಕ್ಕೆ ಗೆರೆಯಾಗಿ ಹತ್ತುತ್ತದೆ. ಸುಣ್ಣ ಮೈದಾನದಲ್ಲೇ ಇತ್ತು. ಸೀಮೆಎಣ್ಣೆಗೆ ನಾನು ಹುಲಿಯಮ್ಮನ ಟೀ ಅಂಗಡಿಗೆ ಓಡಿದೆ.

"ಓಹೋ, ಕಾರು ಈಗ ಸೀಮೆಎಣ್ಣೇಲಿ ಓಡ್ತಾವಾ?" ಎನ್ನುತ್ತ ಆಕೆ ಸ್ಟೌವಿನಿಂದ ಅರ್ಧ ಲೋಟ ಬಸಿದು ಕೊಟ್ಟಳು. "ಲೋಟ ವಾಪಸ್ ತನ್ನಿ, ಸಾಹೇಬ್ರೇ."

ಸುಣ್ಣ ಹಚ್ಚಿ ನಾವು ಮೂವರೂ ಕಾದೆವು. ಬೆರಳಿನ ಒಂದು ಗೆಣ್ಣಿನಷ್ಟು ಉದ್ದಕ್ಕೆ, ಕೂದಲಿನಂಥ ಒಂದು ಕಪ್ಪು ಗೆರೆ ನಿಧಾನಕ್ಕೆ ಎದ್ದಿತು.

"ಗೀಟು ಅಷ್ಟೇ ಅಲ್ವಾ?" ಎಂದ ದೇವೇಂದ್ರ. ಆಮೇಲೆ ಅವನೇ, "ಈಗ್ತಾನೆ ಆ ತಿರುವಲ್ಲಿ ಎಪ್ಪತ್ತರಲ್ಲಿ ಹೋಗಿದ್ನಲ್ಲ..." ಎಂದ.

ಸಿದ್ದಯ್ಯ ಎದ್ದು ರೇಸ್ ಸಮಿತಿಯ ಕಾರ್ಯದರ್ಶಿ ಮೋಹನ್ ಅವರ ಮೇಜಿಗೆ ನಡೆದರು. ಎರಡನೇ ಸುತ್ತಿಗೆ ಕಾಲು ಗಂಟೆ ಉಳಿದಿತ್ತು.

"ಆರು ಕಾರು ನಿಲ್ಲಿಸ್ಬೇಕು ಸಾರ್. ಬ್ರಾಕೆಟ್ ಬಿರುಕು ಬಿಡ್ತಾ ಐತೆ."

"ದೇವೇಂದ್ರನ ಕಾರು ಬಿರುಕು ಬಿಟ್ಟಿದ್ರೆ ಅದನ್ನ ನಿಲ್ಲಿಸ್ತೀನಿ. ಮಿಕ್ಕ ಐದು ಯಾಕೆ? ಹಳೇ ಕಾರು, ಹಳೇ ವೆಲ್ಡಿಂಗು."

"ಬುಷ್ಷಿಂದಲೇ ಸಾರ್. ಆರಕ್ಕೂ ಅದೇ ಬುಷ್ಷು."

"ಯಾರು ಮಾಡಿದ್ದು?"

"ನಾನೇ."

ಮೋಹನ್ ಪೆನ್ನು ಕೆಳಗಿಟ್ಟರು. "ಬರೆದು ಕೊಡಿ ಸಿದ್ದಯ್ಯ. ಬಾಯಿಮಾತಿಗೆ ಯಾರೂ ನಿಲ್ಲಲ್ಲ. ಮೈಕಲ್ಲಿ ಓದಬೇಕಾಗುತ್ತೆ. ಯೋಚನೆ ಮಾಡಿ."

ಸಮಯದ ಹಾಳೆಯ ಹಿಂಬದಿಯಲ್ಲಿ ನಾನು ಬರೆದೆ. ಕೆಳಗೆ ಇಬ್ಬರ ಹೆಸರನ್ನೂ ಹಾಕಿದೆ. ಸಿದ್ದಯ್ಯ ಓದಿ ನನ್ನ ಹೆಸರನ್ನು ಹೊಡೆದುಹಾಕಿದರು.

"ಲೆಕ್ಕ ಹಾಕಿದ್ದು ನಾನು" ಎಂದೆ.

"ನಿಮ್ಮ ಲೆಕ್ಕ ತಪ್ಪಾಗಿಲ್ಲ, ನೈಲಾನ್ ಮುರಿದಿಲ್ಲ. ಅದನ್ನ ಕೂರಿಸಿದ್ದು ನಾನು. ಜಗಳಕ್ಕೆ ಟೈಮಿಲ್ಲ ಮೇಷ್ಟ್ರೇ, ಬುಡಿ."

ಮೋಹನ್ ಮೈಕಿನಲ್ಲಿ ಓದಿದರು: "ಆಲೂರು ಲೇತ್ ಅಂಗಡಿಯ ಸಿದ್ದಯ್ಯ ಆದ ನಾನು ಮಾಡಿಕೊಟ್ಟ ನೈಲಾನ್ ಬುಷ್‌ನಿಂದ ಕಾರಿನ ಬ್ರಾಕೆಟ್ ಬಿರುಕು ಬಿಡುತ್ತಿದೆ. ಅದನ್ನು ಹಾಕಿಸಿದವರು ಪರೀಕ್ಷೆ ಮಾಡಿಸದೆ ಓಡಿಸಬಾರದು." ಜನರ ನಡುವಿನಿಂದ ಒಂದು ಶಿಳ್ಳೆ ಬಂತು. "ನಾಲ್ಕು ತಿಂಗಳು ಮಲಗಿದ್ಯೇನೋ ಸಿದ್ದಯ್ಯ?" ಎಂದು ಯಾರೋ ಕೂಗಿದರು. ನಾಲ್ಕು ಕಾರಿನವರು ಬೈದುಕೊಂಡೇ ಬಂದು ನಿಲ್ಲಿಸಿದರು.

ಲಿಯಾನ್ ಆಗಲೇ ಹೆಲ್ಮೆಟ್ ಹಾಕಿ ಶುರುವಿನ ಗೆರೆಯಲ್ಲಿದ್ದರು. ಎಂಜಿನ್ ಓಡುತ್ತಿತ್ತು.

"ಎರಡು ಸೆಕೆಂಡ್ ಮುಂದಿದೀನಿ ಸಿದ್ದಯ್ಯ. ಇವತ್ತೇ ಸಿಕ್ಕಿತಾ ನಿನಗೆ?"

"ಹತ್ತು ನಿಮಿಷ ಸಾರ್."

"ಗೀಟು ಬರ್ಲಿಲ್ಲ ಅಂದ್ರೆ ಮತ್ತೆ ನನ್ನ ಕಾರು ಮುಟ್ಟಂಗಿಲ್ಲ. ಎಸ್ಟೇಟ್ ಕೆಲ್ಸಾನೂ ಇಲ್ಲ. ಒಪ್ಪಿಗೆನಾ?"

"ಆಗ್ಲಿ ಸಾರ್."

ಜಾಕಿ ಕೊಟ್ಟು ಎತ್ತಿದೆವು. ಎಣ್ಣೆ ಸವರಿದರು, ಕಾದರು, ಒರೆಸಿದರು, ಸುಣ್ಣ ಹಚ್ಚಿದರು. ಮತ್ತೆ ಕಾದೆವು. ಸುತ್ತ ಜನ ಸೇರಿತು. ಸುಣ್ಣ ಬೆಳ್ಳಗೇ ಇತ್ತು. ಎಡಗಡೆಯೂ ಬೆಳ್ಳಗೆ, ಬಲಗಡೆಯೂ ಬೆಳ್ಳಗೆ.

"ಆಯ್ತಲ್ಲ?" ಎಂದು ಲಿಯಾನ್ ಬಾಗಿಲು ತೆರೆದರು.

ಸಿದ್ದಯ್ಯ ಕಾರಿನ ಅಡಿಯಿಂದ ತೆವಳಿ ಹೊರಬಂದರು. ಅವರ ಅಂಗಿಯ ಬೆನ್ನು ಒದ್ದೆಯಾಗಿತ್ತು. "ಜಾಕಿ ಇಳಿಸು ದೇವೇಂದ್ರ. ಚಕ್ರ ತೂಗಾಡ್ತಿದ್ರೆ ಬಿರುಕು ಬಾಯಿ ಮುಚ್ಕೊಂಡಿರ್ತೈತೆ. ಭಾರ ಬಿದ್ರೆ ತೆಗೀತೈತೆ."

"ಸಾಕು ಮಾರಾಯ!"

"ಬಾಕಿ ಇನ್ನೂ ಮೂರು ನಿಮಿಷ ಐತೆ ಸಾರ್."

ಚಕ್ರಗಳ ಅಡಿಗೆ ಹಲಗೆ ಕೊಟ್ಟು ಕಾರನ್ನು ಇಳಿಸಿದೆವು. ನಾನೂ ದೇವೇಂದ್ರನೂ ಮುಂಭಾಗವನ್ನು ಒತ್ತಿ ಒತ್ತಿ ಬಿಟ್ಟೆವು. ಸಿದ್ದಯ್ಯ ಕೆನ್ನೆಯನ್ನು ನೆಲಕ್ಕೆ ಇಟ್ಟು, ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಕನ್ನಡಿ ಹಿಡಿದು ಚಕ್ರದ ಹಿಂದಿನ ಸಂದಿಗೆ ತೂರಿಸಿದರು. ಹತ್ತು ಸಲ ಒತ್ತಿದೆವು. ಇಪ್ಪತ್ತು ಸಲ. ಬ್ರಾಕೆಟ್ ಸರಿಯಿದ್ದರೆ ಈ ಮನುಷ್ಯ ಊರೆದುರು ತನ್ನ ಹೆಸರನ್ನು ಸುಮ್ಮನೆ ಸುಟ್ಟುಕೊಂಡಂತೆ.

"ಸಾರ್, ನೀವೇ ನೋಡಿ."

ಲಿಯಾನ್ ಮಂಡಿಯೂರಿದರು. ಹೆಲ್ಮೆಟ್ ಅಡ್ಡ ಬಂತು. ತೆಗೆದು ಪಕ್ಕಕ್ಕಿಟ್ಟು ಮಣ್ಣಿಗೆ ತಲೆ ತಾಗಿಸಿದರು. ಎಡಗಡೆ ಬ್ರಾಕೆಟ್ಟಿನ ಎರಡು ಮೂಲೆಗಳಿಂದ ಎರಡು ಕಪ್ಪು ಗೆರೆಗಳು ಹೊರಟಿದ್ದವು. ಅವು ಒಂದನ್ನೊಂದು ಕೂಡಲು ಅರ್ಧ ಇಂಚು ಬಾಕಿಯಿತ್ತು.

ಅವರು ಎದ್ದರು. ಬದುವಿನ ಮೇಲೆ ಕುಳಿತ ಜನರನ್ನು ಒಮ್ಮೆ ನೋಡಿದರು. ಕಾರಿನ ಕೀಲಿ ತೆಗೆದು ಜೇಬಿಗೆ ಹಾಕಿಕೊಂಡರು.

"ಲಾರಿಗೆ ಹೇಳಿ" ಎಂದರು ಮೋಹನ್ ಕಡೆ ತಿರುಗಿ. ಸಿದ್ದಯ್ಯನವರಿಗೆ ಹೇಳಿದ್ದು ಒಂದೇ ಮಾತು: "ಎರಡು ಸೆಕೆಂಡ್ ಮುಂದಿದ್ದೆ, ಸಿದ್ದಯ್ಯ!"

ಆರು ಕಾರುಗಳಲ್ಲಿ ನಾಲ್ಕಕ್ಕೆ ಗೆರೆ ಎದ್ದಿತ್ತು. ಉಳಿದ ಎಂಟು ಕಾರುಗಳು ಓಡಿದವು. ಕಪ್ ಯಾರಿಗೆ ಹೋಯಿತೆಂದು ನನಗೆ ನೆನಪಿಲ್ಲ.

ನಾವು ಬಸ್ಸಿನಲ್ಲಿ ಆಲೂರಿಗೆ ಬರುವಷ್ಟರಲ್ಲಿ ಸುದ್ದಿ ಭದ್ರಮ್ಮನವರನ್ನು ಮುಟ್ಟಿತ್ತು. "ಮೈಕಲ್ಲಿ ಕೂಗಿಸೋ ಅಂಥದ್ದೇನಿತ್ತು? ಒಬ್ಬೊಬ್ರ ಕಿವೀಲಿ ಹೇಳಿದ್ರೆ ಆಗ್ತಿರ್ಲಿಲ್ವಾ?" ಎಂದರು.

"ಇದ್ದಿದ್ದೇ ಕಾಲು ಗಂಟೆ ಕಣೇ" ಎಂದು ಸಿದ್ದಯ್ಯ ಕೈ ತೊಳೆಯಲು ಹೋದರು. ಸುಣ್ಣ ಹತ್ತಿ ಬೆರಳೆಲ್ಲ ಬಿರಿದಿದ್ದವು.

ಆ ವಾರ ಅವರೇ ಮನೆಮನೆಗೆ ಹೋಗಿ ಆರೂ ಕಾರುಗಳ ನೈಲಾನ್ ತೆಗೆದು ರಬ್ಬರ್ ಕೂರಿಸಿ ಬಂದರು. ಆಮೇಲೆ ಒಂದು ವರ್ಷ ರೇಸಿನ ಕಾರು ಯಾವುದೂ ಆ ಶೆಡ್ಡಿನ ಮುಂದೆ ನಿಲ್ಲಲಿಲ್ಲ. ಪೇಟೆಯಲ್ಲಿ "ನೈಲಾನ್ ಸಿದ್ದಯ್ಯ" ಎಂಬ ಹೆಸರು ಬಿತ್ತು. ಅವರು ಪಲ್ಪರ್ ಶಾಫ್ಟು, ಪಂಪಿನ ಶಾಫ್ಟು ಕಡೆಯುತ್ತ ಇದ್ದರು.

೨೦೦೨ರ ಮಾರ್ಚಿನಲ್ಲಿ ನಾನು ಅಲ್ಲಿ ಕುಳಿತಿದ್ದಾಗ ಲಿಯಾನ್ ಒಳಗೆ ಬಂದರು. ಕಾಗದದಲ್ಲಿ ಸುತ್ತಿದ್ದ ಹರಿದ ರಬ್ಬರ್ ಬುಷ್ ಒಂದನ್ನು ಲೇತಿನ ಪಕ್ಕ ಇಟ್ಟರು. ಸಿದ್ದಯ್ಯ ಅದನ್ನು ಬಾಗಿಲ ಬೆಳಕಿಗೆ ಹಿಡಿದು ಬಿರುಕು ಅಗಲಿಸಿ ನೋಡಿದರು.

"ಇನ್ನೂ ತಿರುವಲ್ಲೇ ಬ್ರೇಕ್ ಒತ್ತುತೀರಿ ಸಾರ್."

"ಗೊತ್ತು ಮಾರಾಯ" ಎಂದರು ಲಿಯಾನ್. ಹಲಗೆಯ ಮೇಲೆ ಚೀಟಿ ಕಟ್ಟಿದ ಬುಷ್ ಮತ್ತೆ ಕುಳಿತಿತು.

ಇದನ್ನು ಬರೆಯುತ್ತಿರುವುದು ೨೦೦೮ರಲ್ಲಿ. ಸಿದ್ದಯ್ಯ ಈಗಲೂ ಆಲೂರಿನಲ್ಲಿ ಲೇತ್ ನಡೆಸುತ್ತಾರೆ. ರೇಸಿನ ಕಾರುಗಳಿಗೆ ರಬ್ಬರ್ ಬುಷ್ ಮಾತ್ರ ಕೂರಿಸುತ್ತಾರೆ, ಎರಡು ರೇಸಿಗೊಮ್ಮೆ ಬದಲಾಯಿಸುತ್ತಾರೆ. ರೇಸಿನ ಭಾನುವಾರ ಬೆಳಿಗ್ಗೆ ಏಳಕ್ಕೆ ಮೈದಾನಕ್ಕೆ ಹೋಗಿ, ಪ್ರತಿ ಕಾರಿನ ಬ್ರಾಕೆಟ್ಟಿಗೂ ಸೀಮೆಎಣ್ಣೆ ಸವರಿ ಸುಣ್ಣ ಹಚ್ಚಿ ನೋಡುತ್ತಾರೆ.