ಚಕ್ರಗಳಿದ್ದ ಕಡೆ ಮನೆ ಮಾಡಿ

ನೀರು ಬಾಗಿಲಿನಿಂದ ಬರಲಿಲ್ಲ, ನೆಲದಿಂದ ಬಂತು. ಹರಿಹರದಲ್ಲಿ ಹುಟ್ಟಿ ಬೆಳೆದ ನನಗೆ ಹೊಳೆ ಬಂತು ಅಂದರೆ ಮೊದಲು ಸದ್ದು, ಆಮೇಲೆ ಕೆಂಪು ನೀರು, ಆಮೇಲೆ ಸೇತುವೆಯ ಮೇಲೆ ನೋಡಲು ನಿಂತ ಜನ. ತುಂಗಭದ್ರೆ ಹೇಳಿಯೇ ಬರುತ್ತಾಳೆ. ಇಲ್ಲಿ, ನಮ್ಮ ನೆಲಮಾಳಿಗೆಯಲ್ಲಿ, ಹಾಸುಗಲ್ಲುಗಳ ಸಂದಿಯಿಂದ ನೀರು ಸದ್ದಿಲ್ಲದೆ ಏಳುತ್ತಿತ್ತು. ಬೊಗಸೆಯಲ್ಲಿ ಹಿಡಿದು ಕುಡಿಯಬಹುದಾದಷ್ಟು ತಿಳಿಯಾಗಿತ್ತು.

ಉತ್ತರ ಇಂಗ್ಲೆಂಡಿನ ಹೊಳೆಗಳು ಉಕ್ಕಿದ 2007ರ ಜೂನ್ ಅದು. ಆ ಮನೆಗೆ ನಾವು ಹೇಗೆ ಬಂದೆವೆಂದು ಮೊದಲು ಹೇಳಬೇಕು.

ನನ್ನ ಗಂಡ ಶ್ರೀಧರ್ ಮೈಸೂರಿನವರು, ಡರ್ಬಿಯ ವಿಮಾನ ಎಂಜಿನ್ ಕಾರ್ಖಾನೆಯಲ್ಲಿ ಎಂಜಿನಿಯರ್. ಕೆಲವು ವರ್ಷ ಬಾಡಿಗೆ ಮನೆಗಳಲ್ಲಿ ಕಳೆದು, ಡರ್ಬಿಗೂ ಶೆಫೀಲ್ಡಿಗೂ ನಡುವಿನ ಒಂದು ಸಣ್ಣ ಊರಿನಲ್ಲಿ ಮನೆ ಕೊಳ್ಳಲು ಹೊರಟೆವು. ಮನೆ ತೋರಿಸುವ ಏಜೆಂಟರು ಇಲ್ಲಿ ಮೊದಲು ಹೇಳುವುದು ಹತ್ತಿರದ ಶಾಲೆ, ಸ್ಟೇಷನ್. ಶ್ರೀಧರ್ ಮೊದಲು ಜೇಬಿನಿಂದ ತೆಗೆಯುತ್ತಿದ್ದುದು ದಿಕ್ಸೂಚಿ.

“ಟಿವಿ ಡಿಶ್ ಹಾಕಿಸೋಕಾ, ಮೇಟ್?” ಎಂದು ಏಜೆಂಟ್ ಕೇಳಿದ.

“ಹೌದು” ಎಂದರು ಶ್ರೀಧರ್. ವಾಸ್ತುವನ್ನು ಇಂಗ್ಲಿಷಿನಲ್ಲಿ ವಿವರಿಸುವುದಕ್ಕಿಂತ ಅದು ಸುಲಭ.

ಗುಡ್ಡದ ಮೇಲಿನ ಸಾಲಿನ ಮನೆಗಳೆಲ್ಲ ದಕ್ಷಿಣಕ್ಕೆ ಮುಖ ಮಾಡಿದ್ದವು. ಕೆಳಗಿನ ಸಾಲಿನ ಕೊನೆಯ ಮನೆಯದು ಪೂರ್ವದ ಬಾಗಿಲು. ನೆಲ ಈಶಾನ್ಯಕ್ಕೆ ಇಳಿಜಾರು, ಈಶಾನ್ಯದಲ್ಲೇ ಹೊಳೆ. “ಹೇಳಿ ಕಟ್ಟಿಸಿದ್ರೂ ಹೀಗೆ ಸಿಗಲ್ಲ ಕಣೇ ಸುಧಾ” ಎಂದರು. ಬೆಲೆಯೂ ಕಡಿಮೆ ಇತ್ತು. ಅದನ್ನೂ ವಾಸ್ತುವಿನ ಫಲಕ್ಕೇ ಸೇರಿಸಿಕೊಂಡೆವು.

ಶ್ರೀಧರ್ ಕೆಲಸಕ್ಕೆ ಹೋದ ಮೇಲೆ ದಿನ ಉದ್ದವಾಗುತ್ತಿತ್ತು. ಹರಿಹರದಲ್ಲಿ ಬಾಗಿಲು ತೆಗೆದರೆ ಯಾರಾದರೂ ಮಾತಿಗೆ ಸಿಗುತ್ತಿದ್ದರು. ಇಲ್ಲಿ ಬಾಗಿಲು ತೆಗೆದರೆ ಸಿಗುತ್ತಿದ್ದುದು ಚಳಿ. ಗೃಹಪ್ರವೇಶಕ್ಕೆ ಬಂದು ಎರಡು ಸಲ ಪಾಯಸ ಹಾಕಿಸಿಕೊಂಡವರು ಮೇಲಿನ ಸಾಲಿನ ಡೋರೀನ್, ನಿವೃತ್ತ ಶಾಲಾ ಶಿಕ್ಷಕಿ. ನಾನು ಇತಿಹಾಸದಲ್ಲಿ ಎಂ.ಎ. ಓದಿದವಳೆಂದು ತಿಳಿದು ಊರಿನ ಇತಿಹಾಸದ ಗುಂಪಿಗೆ ಕರೆದುಕೊಂಡು ಹೋದರು. ನಾನು ಓದಿದ್ದು ಸಾಮ್ರಾಜ್ಯಗಳನ್ನು. ಇವರು ಒಂದು ಗೋಡೆಯ ವಯಸ್ಸಿಗಾಗಿ ಇಡೀ ಸಂಜೆ ವಾದಿಸುತ್ತಿದ್ದರು.

ಊರು ಹುಟ್ಟಿದ್ದು ಹೀಗಂತೆ. ಮೊದಲು ಬಂದವರು ಕುಡುಗೋಲು ಮಾಡುವ ಕೆಲವು ಕುಟುಂಬಗಳು. ಬಂದದ್ದು ನೀರಿನ ರಭಸಕ್ಕಾಗಿ. ಹೊಳೆಯಿಂದ ಕಾಲುವೆ ತೋಡಿ, ಚಕ್ರ ತಿರುಗಿಸಿ, ಸಾಣೆ ಹಿಡಿಯುತ್ತಿದ್ದರು. ಆ ಕಾಲುವೆಗೆ ಇಲ್ಲಿನವರು ‘ಗಾಯಿಟ್’ ಎನ್ನುತ್ತಾರೆ. ಆದರೆ ಮನೆ ಕಟ್ಟಿದ್ದು ಗುಡ್ಡದ ಮೇಲೆ. ಬೆಳಿಗ್ಗೆ ಇಳಿದು ದುಡಿದು ಸಂಜೆ ಹತ್ತುತ್ತಿದ್ದರು. ಉಗಿಯಂತ್ರ ಬಂದು ಚಕ್ರಗಳು ನಿಂತ ಮೇಲೆ ಕಾಲುವೆಯ ಮೇಲೆ ಚಪ್ಪಡಿ ಹೊದಿಸಿ, ಹೊಸದಾಗಿ ಕೂಲಿಗೆ ಬಂದವರಿಗೆ ಅಲ್ಲೇ ಮನೆ ಕಟ್ಟಿಸಿದರು. ಮೊದಲು ಬಂದವರು ಮೇಲೆ, ಕೊನೆಗೆ ಬಂದವರು ಕೆಳಗೆ. ಆ ಗಾಯಿಟ್ ಸರಿಯಾಗಿ ಎಲ್ಲಿ ಹಾದುಹೋಗಿತ್ತೆಂಬ ಬಗ್ಗೆ ಮಾತ್ರ ಗುಂಪಿನಲ್ಲಿ ಇಬ್ಬರು ಮಾತು ಬಿಟ್ಟಿದ್ದರು.

“ಕೆಳಗೆ ಜನ ಇರ್ತಿರ್ಲಿಲ್ಲ, ಡಕ್. ಚಕ್ರ ಇರ್ತಿದ್ವು” ಎಂದಿದ್ದರು ಡೋರೀನ್. ಡಕ್ ಅಂದರೆ ಬಾತುಕೋಳಿ. ಈ ಕಡೆ ಅದು ನಮ್ಮ ‘ಮರಿ’, ‘ಪುಟ್ಟಿ’ಯಂಥ ಅಕ್ಕರೆಯ ಕರೆ.

ಊಟಕ್ಕೆ ಕೂತಾಗ ಇದನ್ನು ಹೇಳಿದರೆ ಶ್ರೀಧರ್ ನಕ್ಕರು. “ನಿಮ್ಮ ಹರಿಹರ ಏನು ಗುಡ್ಡದ ಮೇಲಿದೆಯಾ?”

ಆ ಜೂನ್‌ನ ದಿನ, ಮಳೆಗೆ ರಸ್ತೆ ಮುಚ್ಚುತ್ತಾರೆಂದು ಶ್ರೀಧರ್ ಕೆಲಸದಿಂದ ಮಧ್ಯಾಹ್ನವೇ ಬಂದರು. ನಾನು ಕಿಟಕಿಯಲ್ಲಿ ನಿಂತು ಹೊಳೆ ನೋಡುತ್ತಿದ್ದೆ. ಇನ್ನೂ ದಂಡೆ ದಾಟಿರಲಿಲ್ಲ. ಮುನ್ನೆಚ್ಚರಿಕೆಗೆಂದು ಮೇನ್ ಸ್ವಿಚ್ ಆರಿಸಲು ಶ್ರೀಧರ್ ನೆಲಮಾಳಿಗೆಗೆ ಇಳಿದರು. ದೀಪ ಆರಿತು. ಆಮೇಲೆ ಅವರ ದನಿ: “ಸುಧಾ, ನೀರು ಇಲ್ಲಿದೆ.”

ನಾನು ಟಾರ್ಚ್ ಹಿಡಿದು ಮೆಟ್ಟಿಲಿಗೆ ಬಂದು ಸಂದಿಗಳ ನೀರು ನೋಡುತ್ತಿದ್ದಂತೆ ಮಧ್ಯದ ಚಪ್ಪಡಿಯೊಂದು ಮಗುಚಿತು. ನೀರು ಒಮ್ಮೆಲೇ ಅವರ ಸೊಂಟ ದಾಟಿತು. ಮೂಲೆಯಲ್ಲಿ ತೆಂಗಿನತುರಿ, ಅವರೆಕಾಳು, ಕರಿಬೇವು ತುಂಬಿಟ್ಟಿದ್ದ ಪೆಟ್ಟಿಗೆಯಂಥ ಫ್ರೀಜರ್, ದೋಣಿಯಂತೆ ತೇಲಿ ಬಂದು ಇಕ್ಕಟ್ಟಿನ ಮೆಟ್ಟಿಲ ಬಾಯಲ್ಲಿ ಅಡ್ಡ ಸಿಕ್ಕಿಕೊಂಡಿತು. ಅವರು ಅದರ ಆಚೆ.

“ರೀ, ಹತ್ತಿ ಬನ್ರೀ!”

“ಜಾಗ ಇಲ್ಲ, ತಲೆ ತಾಗತ್ತೆ! ಮುಚ್ಚಳ ತೆಗಿ, ಅಂಚು ಒತ್ತು. ಮುಳುಗಿಸು ಅದನ್ನ!”

ಮುಚ್ಚಳ ಮಂಜು ಕಟ್ಟಿ ಅಂಟಿತ್ತು. ಎರಡನೆಯ ಸಲ ಎಳೆದಾಗ ಬಿಟ್ಟಿತು. ಅಂಚಿನ ಮೇಲೆ ಮೈಭಾರ ಹಾಕಿ ಒತ್ತಿದೆ. ನೀರು ಒಳಗೆ ನುಗ್ಗಿತು, ತುರಿಯ ಪೊಟ್ಟಣಗಳು ಒಂದೊಂದಾಗಿ ತೇಲಿ ಹೊರಬಂದವು, ಫ್ರೀಜರ್ ಇಳಿಯಿತು. ಶ್ರೀಧರ್ ಅದರ ಮೇಲೆ ತೆವಳಿಕೊಂಡು ಬಂದು ನನ್ನ ಸೀರೆ ಹಿಡಿದರು. ಹಿಂದಿರುಗಿ ನೋಡಿದರೆ ಅವರು ನಿಂತಿದ್ದ ಜಾಗದಲ್ಲಿ ನೀರು ಛಾವಣಿ ಮುಟ್ಟುತ್ತಿತ್ತು. ಇಷ್ಟೇ ನಡೆದದ್ದು. ಆದರೆ ನನ್ನ ತಲೆಯಲ್ಲಿ ಅದು ಮತ್ತೆ ಮತ್ತೆ ನಡೆಯುತ್ತದೆ, ಕೆಲವು ಸಲ ಮುಚ್ಚಳ ತೆರೆಯುವುದೇ ಇಲ್ಲ.

ಡೋರೀನ್ ನಮ್ಮನ್ನು ಗುಡ್ಡ ಹತ್ತಿಸಿ ತಮ್ಮ ಅಡುಗೆಮನೆಯಲ್ಲಿ ಕೂರಿಸಿದರು. ಶ್ರೀಧರ್ ಕೈಗೆ ಟೀ ಕೊಟ್ಟು, ನನ್ನ ಭುಜಕ್ಕೆ ಕಂಬಳಿ ಹೊದಿಸಿ, “ಗಾಯಿಟ್ ಎಲ್ಲಿತ್ತು ಅಂತ ಗೊತ್ತಾಯ್ತು, ಡಕ್. ಇನ್ನು ನಮ್ಮ ಗುಂಪಿನ ಅವರಿಬ್ಬರೂ ಮಾತಾಡಬಹುದು” ಎಂದರು. ನಾನು ಅತ್ತದ್ದು ಆಗ. ಶ್ರೀಧರ್ ಮಾತ್ರ ನಕ್ಕರು, ಹಲ್ಲು ಕಟಕಟಿಸುತ್ತ.

ಈಗ ನಾವು ಮೇಲಿನ ಸಾಲಿನಲ್ಲಿದ್ದೇವೆ. ದಕ್ಷಿಣದ ಬಾಗಿಲು. ನೋಡಲು ಹೋದ ದಿನ ದಿಕ್ಸೂಚಿ ಹೊರಗೆ ಬರಲಿಲ್ಲ. ಈ ಮನೆಗೆ ನೆಲಮಾಳಿಗೆಯಿಲ್ಲ, ಕೆಳಗೆ ಬಂಡೆ. ಆದರೂ ಮಳೆ ಹಿಡಿದರೆ ನಾನು ಕಿಟಕಿಗೆ ಹೋಗಿ ಹೊಳೆ ಹುಡುಕುತ್ತೇನೆ, ಹರಿಹರದ ಹುಡುಗಿಯ ಹಾಗೆ. ಇಲ್ಲಿಂದ ಅದು ಕಾಣುವುದೇ ಇಲ್ಲ.

ಹೋದ ಸಲ ಹರಿಹರದಲ್ಲಿದ್ದಾಗ ಜೋರು ಮಳೆ ಬಂತು. ಎಲ್ಲರೂ ಹೊಳೆ ನೋಡಲು ಹೊರಟರು. ನನ್ನನ್ನು ಕರೆಯಲು ಒಳಗೆ ಬಂದ ತಂಗಿ ಬಾಗಿಲಲ್ಲೇ ನಿಂತಳು.

“ಹೊಳೆ ಆ ಕಡೆ ಐತಲ್ಲಕ್ಕಾ, ಇಲ್ಲೇನ್ ಹುಡುಕ್ತೀ?”

ನಾನು ಅಡುಗೆಮನೆಯಲ್ಲಿ ಮಂಡಿಯೂರಿ, ಅಂಗೈಯಿಂದ ನೆಲ ಮುಟ್ಟಿ ನೋಡುತ್ತಿದ್ದೆ.